ಪಾಲಕನು ಒಪ್ಪಿಸಿಕೊಡುವ ದಿನ

ತಂದೆಯನ್ನು ಕಳೆದುಕೊಂಡ ಮಗುವಿನ ಗದ್ದೆ ತೋಟಗಳನ್ನು ಚಿಕ್ಕಪ್ಪನೋ ಸೋದರಮಾವನೋ ವಹಿಸಿಕೊಂಡು ನಡೆಸುವುದು ನಮ್ಮ ಊರುಗಳಲ್ಲಿ ಎಲ್ಲರೂ ಕಂಡ ವಿಷಯ. ಮೊದಲ ಕೆಲವು ವರ್ಷಗಳು ಹಿತವಾಗಿಯೇ ಕಳೆಯುತ್ತವೆ. ಹುಡುಗನಿಗೆ ಊಟ ಬಟ್ಟೆಗಳಿಗೆ ಕೊರತೆಯಿಲ್ಲ, ಶಾಲೆಯ ಸಂಬಳ ಸಂದಾಯವಾಗುತ್ತಿದೆ, ಉಪನಯನವೂ ಕಾಲಕ್ಕೆ ಸರಿಯಾಗಿ ಆಗುತ್ತದೆ. ಊರವರು ಚಿಕ್ಕಪ್ಪನನ್ನು ಹೊಗಳುತ್ತಾರೆ. ಆ ಹೊಗಳಿಕೆಗೆ ಅವನು ಅರ್ಹನೂ ಆಗಿರಬಹುದು. ಹೀಗಿರಲು ಒಂದು ದಿನ, ಮೀಸೆ ಮೂಡಿದ ಹುಡುಗನು ಊಟದ ಎಲೆಯ ಮುಂದೆ ಕುಳಿತು, “ಚಿಕ್ಕಪ್ಪ, ನಮ್ಮ ತಂದೆಯವರ ಗದ್ದೆಯ ಲೆಕ್ಕ ಎಲ್ಲಿಯವರೆಗೆ ಬಂದಿದೆ?” ಎಂದು ಕೇಳುತ್ತಾನೆ. ಅಡಿಗೆಯ ಮನೆಯಲ್ಲಿ ಬಳೆಗಳ ಸದ್ದು ನಿಲ್ಲುತ್ತದೆ. “ಸಾಕಿ ಸಲಹಿದವನನ್ನೇ ಲೆಕ್ಕ ಕೇಳುವಷ್ಟು ದೊಡ್ಡವನಾದೆಯಾ?” ಎಂಬ ಉತ್ತರ ಬರುತ್ತದೆ. ಅಂದಿನಿಂದ ಆ ಮನೆಯಲ್ಲಿ ಇಬ್ಬರಿಗೂ ಮಾತು ಕಡಮೆ.

ಈ ಪ್ರಶ್ನೆಯನ್ನು ಕೇಳುವುದು ಕೃತಘ್ನತೆಯೇ? ಅಥವಾ ಕೇಳುವವರೆಗೆ ಸುಮ್ಮನಿದ್ದುದೇ ಪಾಲಕನ ತಪ್ಪೇ? ಪಾಲಕತನ ಮುಗಿದ ದಿನ ಪಾಲಕನು ಏನನ್ನು, ಯಾರಿಗೆ, ಹೇಗೆ ಒಪ್ಪಿಸಬೇಕು? ಇಂದು ನಾವು ಈ ವಿಷಯವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಧರ್ಮಶಾಸ್ತ್ರ ಮತ್ತು ಕಾನೂನುಗಳ ಮಾತನ್ನು ಮೊದಲು ಸಂಕ್ಷೇಪವಾಗಿ ಮುಗಿಸಿ, ಬಳಿಕ ನಮ್ಮ ಮೈಸೂರು ಅರಮನೆಯ ಚರಿತ್ರೆಯಿಂದಲೇ ಮೂರು ನಿದರ್ಶನಗಳನ್ನು ಕೇಳುಗರ ಮುಂದಿಡುತ್ತೇವೆ.

ಬಾಲಕನ ಸೊತ್ತು ಇನ್ನೊಬ್ಬರ ಕೈಯಲ್ಲಿರುವಾಗ ಅದು ಕೊಟ್ಟದ್ದಲ್ಲ, ಇಟ್ಟದ್ದು ಎಂಬ ತಿಳಿವಳಿಕೆ ನಮ್ಮಲ್ಲಿ ಬಹಳ ಹಳೆಯದು. ಹುಡುಗನು ಗುರುಕುಲದಿಂದ ಹಿಂದಿರುಗುವವರೆಗೆ, ಇಲ್ಲವೆ ಅವನ ಬಾಲ್ಯ ಕಳೆಯುವವರೆಗೆ, ಅವನಿಗೆ ಬಂದ ಪಿತ್ರಾರ್ಜಿತವನ್ನು ಅರಸನು ಕಾಪಾಡಬೇಕೆಂದು ಮನುಸ್ಮೃತಿ ವಿಧಿಸುತ್ತದೆ. ಕೌಟಿಲ್ಯನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಬಾಲಕನು ವ್ಯವಹಾರಕ್ಕೆ ತಕ್ಕವನಾಗುವವರೆಗೆ ಅವನ ದ್ರವ್ಯವನ್ನು ಗ್ರಾಮವೃದ್ಧರು ವೃದ್ಧಿಗೊಳಿಸಬೇಕೆಂದು ಅವನ ಅರ್ಥಶಾಸ್ತ್ರದ ಮಾತು. ಬರಿಯ ಕಾವಲು ಸಾಲದು, ಬೆಳೆಸಬೇಕು. ದೇವರ ದ್ರವ್ಯಕ್ಕೂ ಅವನು ಅಲ್ಲಿಯೇ ಇದೇ ನಿಯಮವನ್ನು ಹೇಳಿರುವುದು ಗಮನಿಸತಕ್ಕದ್ದು. ದೇವರಾಗಲಿ ಮಗುವಾಗಲಿ ತಾವೇ ಎದ್ದುಬಂದು ಲೆಕ್ಕ ಕೇಳುವವರಲ್ಲವಷ್ಟೆ.

ಇದಕ್ಕೆ ನಮ್ಮ ಜನರೆಲ್ಲರೂ ಬಲ್ಲ ಆದರ್ಶ ಭರತನದು. ಪಾದುಕೆಗಳನ್ನು ಸಿಂಹಾಸನದಲ್ಲಿಟ್ಟು ಹದಿನಾಲ್ಕು ವರ್ಷ ರಾಜ್ಯವಾಳಿದ ಅವನ ತ್ಯಾಗವನ್ನು ನಾವೆಲ್ಲರೂ ಕೊಂಡಾಡುತ್ತೇವೆ. ಆದರೆ ರಾಮನು ಹಿಂದಿರುಗಿದ ದಿನ ಅವನು ಮಾಡಿದ ಇನ್ನೊಂದು ಕೆಲಸ ಅಷ್ಟಾಗಿ ಮಾತಿಗೆ ಬರುವುದಿಲ್ಲ. ವಾಲ್ಮೀಕಿಯ ಭರತನು ರಾಜ್ಯವನ್ನು ನ್ಯಾಸವೆಂದು ಕರೆದು ಹಿಂದಕ್ಕೆ ಒಪ್ಪಿಸುತ್ತಾನೆ. ಒಪ್ಪಿಸುವಾಗ ಬೊಕ್ಕಸವನ್ನೂ ಕಣಜಗಳನ್ನೂ ಸೇನೆಯನ್ನೂ ಅಣ್ಣನೇ ಪರೀಕ್ಷಿಸಿ ನೋಡಬೇಕೆಂದು ಬೇಡುತ್ತಾನೆ. ಎಲ್ಲವೂ ಹತ್ತು ಮಡಿಯಾಗಿದೆಯೆಂದು ಅರಿಕೆ ಮಾಡುತ್ತಾನೆ. ರಾಮನು ಬಾಲಕನಲ್ಲ, ನಿಜ. ಆದರೂ ಪಾಲಕಧರ್ಮದ ಸಾರವೆಲ್ಲವೂ ಇಲ್ಲಿದೆ: ವಸ್ತುವನ್ನು ಹಿಂದಿರುಗಿಸುವುದು, ಲೆಕ್ಕವನ್ನು ತೋರಿಸುವುದು, ಕೇಳುವುದಕ್ಕೆ ಮುಂಚೆ ತಾನಾಗಿಯೇ ತೋರಿಸುವುದು.

ಎಲ್ಲ ಪಾಲಕರೂ ಭರತರಾಗಿದ್ದರೆ ಶಾಸನಗಳು ಬೇಕಾಗುತ್ತಿರಲಿಲ್ಲ. ಇಂಡಿಯಾ ದೇಶದಲ್ಲಿ ೧೮೭೫ರ ಶಾಸನವೊಂದು ಹದಿನೆಂಟು ವರ್ಷ ತುಂಬಿದವನನ್ನು ಪ್ರಾಪ್ತವಯಸ್ಕನೆಂದು ಗೊತ್ತುಮಾಡಿತು. ನ್ಯಾಯಾಲಯವೇ ಪಾಲಕನನ್ನು ನೇಮಿಸಿದ್ದ ಬಾಲಕನಿಗಾದರೋ ಇಪ್ಪತ್ತೊಂದು ತುಂಬಬೇಕಾಗಿತ್ತು. ಈ ಭೇದವು ೧೯೯೯ರಲ್ಲಿ ರದ್ದಾಯಿತು. ಪಾಲಕರ ಕರ್ತವ್ಯಗಳನ್ನು ವಿವರಿಸುವ ೧೮೯೦ರ ಶಾಸನವು ಇಂದಿಗೂ ಜಾರಿಯಲ್ಲಿದೆ. ಪಾಲಕನ ಸ್ಥಾನವು ವಿಶ್ವಾಸದ ಸ್ಥಾನ. ಆ ಸ್ಥಾನದಿಂದ ಅವನು ಸ್ವಂತ ಲಾಭವನ್ನು ಪಡೆಯಕೂಡದು. ಹುಡುಗನು ವಯಸ್ಸಿಗೆ ಬಂದ ಕೂಡಲೆ ಅಥವಾ ಸ್ವಲ್ಪ ಕಾಲದಲ್ಲಿಯೇ ಅವನ ಆಸ್ತಿಯನ್ನು ಪಾಲಕನು ಕೊಂಡುಕೊಂಡರೆ ಅದಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತ ಸೊತ್ತನ್ನು ಎಷ್ಟು ಎಚ್ಚರಿಕೆಯಿಂದ ನೋಡಿಕೊಳ್ಳುವನೋ ಅಷ್ಟು ಎಚ್ಚರಿಕೆಯಿಂದ ಇವನು ಬಾಲಕನ ಸೊತ್ತನ್ನು ನೋಡಿಕೊಳ್ಳಬೇಕು. ನ್ಯಾಯಾಲಯವು ಅಪ್ಪಣೆ ಮಾಡಿದರೆ ಆರು ತಿಂಗಳೊಳಗೆ ಸ್ಥಿರಾಸ್ತಿಯ ಮತ್ತು ಬಂದ ಹಣ, ಚರಾಸ್ತಿ, ಸಾಲಗಳ ಪಟ್ಟಿಯನ್ನು ಬರೆದುಕೊಡಬೇಕು. ಪಾಲಕತನ ಮುಗಿದ ಮೇಲೆ ತನ್ನ ಕೈಯಲ್ಲಿರುವ ಆಸ್ತಿಯನ್ನೂ, ಆ ಆಸ್ತಿಗೆ ಸಂಬಂಧಪಟ್ಟ ಹಿಂದಿನ ಇಂದಿನ ಲೆಕ್ಕಗಳನ್ನೂ ಒಪ್ಪಿಸೆಂದು ನ್ಯಾಯಾಲಯವು ಅವನಿಗೆ ವಿಧಿಸಬಹುದು. ಅವನು ಸತ್ತಿದ್ದರೆ ಅವನ ಪ್ರತಿನಿಧಿಗೂ ವಿಧಿಸಬಹುದು. ಒಪ್ಪಿಸದವನಿಗೆ ಜುಲ್ಮಾನೆಯುಂಟು, ಒಪ್ಪಿಸುವೆನೆನ್ನುವವರೆಗೆ ಸಿವಿಲ್ ಸೆರೆಯೂ ಉಂಟು. ಒಪ್ಪಿಸಿದವನನ್ನು ನ್ಯಾಯಾಲಯವು ಹೊಣೆಯಿಂದ ಬಿಡುಗಡೆ ಮಾಡಬಹುದು. ಆದರೆ ಮುಂದೆ ಮೋಸವೇನಾದರೂ ಹೊರಬಿದ್ದರೆ ಆ ಬಿಡುಗಡೆಯು ಅವನನ್ನು ಕಾಯುವುದಿಲ್ಲ.

ಇಷ್ಟು ಕಾನೂನಿನ ಮಾತು. ಆದರೆ ಕಾನೂನು ತನ್ನ ಬಲವನ್ನು ತೋರಿಸುವುದಕ್ಕೆ ಪಾಲಕನಿಗಿಂತ ಮೇಲಾದ ಒಂದು ನ್ಯಾಯಪೀಠವಿರಬೇಕು. ಪಾಲಕನೇ ಎಲ್ಲರಿಗಿಂತ ಬಲಶಾಲಿಯಾಗಿದ್ದರೆ ಅವನನ್ನು ಲೆಕ್ಕ ಕೇಳುವವರು ಯಾರು? ಮನೆಮನೆಯ ವ್ಯಾಜ್ಯಗಳು ಹೊರಗೆ ಬಾರವು. ಅರಮನೆಯ ವ್ಯವಹಾರವಾದರೋ ಬಹಿರಂಗವಾದ ದಾಖಲೆಗಳಲ್ಲಿ ನಿಂತಿದೆ. ಮೈಸೂರಿನಲ್ಲಿ ಒಂದು ಶತಮಾನಕ್ಕೆ ಸ್ವಲ್ಪ ಹೆಚ್ಚಾದ ಅವಧಿಯೊಳಗೆ ಮೂರು ಸಲ ಎಳೆಯ ವಯಸ್ಸಿನ ಅರಸು ಪಟ್ಟಕ್ಕೆ ಬಂದರು; ಮೂರು ಸಲವೂ ಒಪ್ಪಿಸಿಕೊಡುವ ದಿನ ಬಂದಿತು. ರಾಜ್ಯವೆಂಬುದು ಗದ್ದೆಯಂತೆ ಒಬ್ಬರ ಸ್ವಂತ ಸೊತ್ತಲ್ಲವೆಂಬುದನ್ನು ನಾವು ಮರೆತಿಲ್ಲ. ಆದರೂ ಪಾಲಕನ ಮನಸ್ಸು ಕೆಲಸ ಮಾಡುವ ರೀತಿಯು ಗದ್ದೆಯಲ್ಲಿಯೂ ರಾಜ್ಯದಲ್ಲಿಯೂ ಒಂದೇ.

ಮೊದಲನೆಯ ಪಾಲಕರು ಪೂರ್ಣಯ್ಯನವರು. ೧೭೯೯ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನನು ಮಡಿದ ಬಳಿಕ, ಅದೇ ಜೂನ್ ೩೦ರಂದು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಅರಸರಿಗೆ ಆಗ ಐದು ವರ್ಷ ತುಂಬುವುದರಲ್ಲಿತ್ತು. ಟಿಪ್ಪುವಿನ ಹಣಕಾಸನ್ನು ನೋಡಿಕೊಳ್ಳುತ್ತಿದ್ದ ಪೂರ್ಣಯ್ಯನವರೇ ದಿವಾನರಾಗಿ ನೇಮಕಗೊಂಡರು. ಯುದ್ಧದಿಂದ ಬಳಲಿದ ನಾಡು, ಕಂಪೆನಿಯವರಿಗೆ ವರ್ಷವರ್ಷವೂ ಸಲ್ಲಬೇಕಾದ ಏಳು ಲಕ್ಷ ವರಹಗಳ ಪೊಗದಿ, ಎಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ: ಈ ಹೊರೆಯೊಡನೆ ಅವರು ಹನ್ನೆರಡು ವರ್ಷ ರಾಜ್ಯಭಾರ ನಡೆಸಿದರು. ಕಂದಾಯದ ಲೆಕ್ಕವನ್ನು ಬಿಗಿಮಾಡಿದರು. ಕೆರೆ ಕಾಲುವೆ ಸೇತುವೆಗಳಿಗೆ ಗಮನ ಕೊಟ್ಟರು. ಖಜಾನೆಯಲ್ಲಿ ಎರಡು ಕೋಟಿ ರೂಪಾಯಿಗಳಿಗೂ ಮೀರಿದ ಹಣವನ್ನು ಅವರು ಕೂಡಿಟ್ಟಿದ್ದರೆಂದು ರೈಸ್ ಸಾಹೇಬರ ಗೆಜೆಟಿಯರ್ ಹೇಳುತ್ತದೆ. ಈ ಕೂಡಿಕೆಗಾಗಿ ರೈತರನ್ನು ಹೆಚ್ಚಾಗಿ ಹಿಂಡಿದರೆಂಬ ಆಕ್ಷೇಪಣೆಯೂ ಉಂಟು. ಅದೇನೇ ಇರಲಿ, ಮೊತ್ತವನ್ನು ನೋಡಿದರೆ ಕೌಟಿಲ್ಯನೂ ಮೆಚ್ಚತಕ್ಕ ಪಾಲಕತನ.

ಅರಸರಿಗೆ ಹದಿನಾರು ವರ್ಷವಾಯಿತು. ಆ ವಯಸ್ಸು ಹಿಂದೂ ಶಾಸ್ತ್ರದ ಪ್ರಕಾರ ವ್ಯವಹಾರಪ್ರಾಪ್ತಿಯ ವಯಸ್ಸು. ಆಗ ಹಳೆಯ ಕಥೆಯೇ ನಡೆಯಿತು. ಅರಸರಿಗೆ ಆಳುವ ಆಸೆ. ಮುದುಕರಾದ ದಿವಾನರಿಗೆ ಬಿಡಲು ಮನಸ್ಸಿಲ್ಲ. ಇಷ್ಟು ವರ್ಷ ತಾವು ಕಟ್ಟಿದ್ದನ್ನು ಈ ಹುಡುಗರು ಹೇಗೆ ಉಳಿಸಿಕೊಂಡಾರು ಎಂಬ ಅಳುಕು ಅವರಿಗಿದ್ದಿರಬಹುದು. ಅಧಿಕಾರದ ರುಚಿಯೂ ಇದ್ದಿರಬಹುದು. ಮನಸ್ತಾಪ ಬೆಳೆದು ಕೊನೆಗೆ ೧೮೧೧ರಲ್ಲಿ ಪೂರ್ಣಯ್ಯನವರು ನಿವೃತ್ತರಾದರು. ಮರುವರ್ಷದ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡರು. ಹಣವೇನೋ ಅರಸರ ಕೈಗೆ ಬಂದಿತು. ಆದರೆ ಆ ಹಣವನ್ನು ಆಳುವ ವಿದ್ಯೆ ಅದರ ಜೊತೆಗೆ ಬರಲಿಲ್ಲ. ಹನ್ನೆರಡು ವರ್ಷಗಳ ಕಾಲ ದಿವಾನರು ಎಲ್ಲವನ್ನೂ ತಮ್ಮ ಕೈಯಲ್ಲಿಯೇ ಇಟ್ಟುಕೊಂಡು ನಡೆಸಿದ್ದರು. ಹುಡುಗನಾಗಿದ್ದ ಒಡೆಯರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಇದು ಆದಾಯ, ಇದು ವೆಚ್ಚ, ಇದು ಮುಂದಿನ ವರ್ಷದ ಭಯ ಎಂದು ತೋರಿಸಿಕೊಡುವ ಕೆಲಸ ನಡೆಯಲಿಲ್ಲ. ಕೂಡಿಟ್ಟ ಭಂಡಾರ ಕೆಲವೇ ವರ್ಷಗಳಲ್ಲಿ ಕರಗಿತು. ದಾನಶೀಲರೂ ವಿದ್ಯಾಪಕ್ಷಪಾತಿಗಳೂ ಆಗಿದ್ದ ಅರಸರು ಸಾಲದಲ್ಲಿ ಸಿಕ್ಕಿಕೊಂಡರು. ಇದರ ಹೊಣೆಯೆಲ್ಲವೂ ಪೂರ್ಣಯ್ಯನವರದೆಂದು ನಾವು ಹೇಳುವುದಿಲ್ಲ. ಆದರೆ ಪೆಟ್ಟಿಗೆಯನ್ನು ಒಪ್ಪಿಸಿ, ಬೀಗದ ಮರ್ಮವನ್ನು ಒಪ್ಪಿಸದಿದ್ದರೆ ಒಪ್ಪಿಸಿದ ಕೆಲಸ ಅರ್ಧವಾಯಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎರಡನೆಯ ಪಾಲಕರು ಇಂಗ್ಲಿಷರು. ಇವರ ಪಾಲಕತನದ ಆರಂಭವೇ ವಿಚಿತ್ರವಾದದ್ದು. ನಗರದ ಕಡೆ ರೈತರ ದಂಗೆ ಎದ್ದ ಬಳಿಕ, ೧೮೩೧ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕರು ರಾಜ್ಯದ ಆಡಳಿತವನ್ನು ವಹಿಸಿಕೊಂಡರು. ಆಗ ಮುಮ್ಮಡಿಯವರಿಗೆ ಮೂವತ್ತೇಳು ವರ್ಷ. ವಯಸ್ಸಿಗೆ ಬಂದವರನ್ನು ಮತ್ತೆ ಬಾಲಕರನ್ನಾಗಿ ಮಾಡಿದಂತಾಯಿತು. ವರ್ಷಕ್ಕೆ ಒಂದು ಲಕ್ಷ ವರಹ ಮತ್ತು ನಿವ್ವಳ ಆದಾಯದಲ್ಲಿ ಐದನೆಯ ಒಂದು ಪಾಲು ಅರಸರಿಗೆ ಗೊತ್ತಾಯಿತು, ಆಳ್ವಿಕೆ ಕಮಿಷನರದಾಯಿತು. ೧೮೩೪ರಲ್ಲಿ ಬೆಂಟಿಂಕರೇ ರಾಜ್ಯದ ಒಂದು ಭಾಗವನ್ನು ಅರಸರಿಗೆ ಹಿಂದಿರುಗಿಸಬಹುದೆಂದು ಸೂಚಿಸಿದರೂ ಲಂಡನ್ನಿನ ಡೈರೆಕ್ಟರುಗಳು ಒಪ್ಪಲಿಲ್ಲ. ಪಾಲಕನ ಬಾಯಿಂದ ಬರುವ ಅತ್ಯಂತ ಹಳೆಯ ನೆವವೆಂದರೆ ‘ಇನ್ನೂ ಯೋಗ್ಯತೆ ಬಂದಿಲ್ಲ’ ಎಂಬುದು. ಯೋಗ್ಯತೆಯನ್ನು ಅಳೆಯುವವನೂ ಆಸ್ತಿಯನ್ನು ಅನುಭವಿಸುವವನೂ ಒಬ್ಬನೇ ಆದಾಗ ಆ ಅಳತೆಯು ತುಂಬುವ ಕಾಲವೇ ಬಾರದು. ಮುಮ್ಮಡಿಯವರು ಪತ್ರದ ಮೇಲೆ ಪತ್ರ ಬರೆಯಿಸಿದರು. ಗವರ್ನರ್ ಜನರಲುಗಳು ಒಬ್ಬರಾದ ಮೇಲೊಬ್ಬರು ಬಂದುಹೋದರು. ರಾಜ್ಯ ಮಾತ್ರ ಹಿಂದಿರುಗಲಿಲ್ಲ.

೧೮೬೫ರ ಜೂನ್ ತಿಂಗಳಲ್ಲಿ, ಎಪ್ಪತ್ತು ದಾಟಿದ ಅರಸರು ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತಕ್ಕೆ ತೆಗೆದುಕೊಂಡರು. ಕಲ್ಕತ್ತೆಯ ಸರಕಾರವು ಈ ದತ್ತಕಕ್ಕೆ ರಾಜ್ಯದ ಹಕ್ಕನ್ನು ಒಪ್ಪಲಿಲ್ಲ. ಅರಸರ ಕಾಲಾನಂತರ ಮೈಸೂರು ಬ್ರಿಟಿಷ್ ಪ್ರಾಂತಗಳಲ್ಲಿ ಸೇರಿಹೋಗುವುದೆಂದೇ ಬಹುಮಂದಿ ಭಾವಿಸಿದ್ದರು. ಇಲ್ಲಿ ನ್ಯಾಯಪೀಠದ ಸ್ಥಾನದಲ್ಲಿ ನಿಂತದ್ದು ಸಾರ್ವಜನಿಕಾಭಿಪ್ರಾಯ. ಮೇಜರ್ ಇವಾನ್ಸ್ ಬೆಲ್ಲರಂಥ ಇಂಗ್ಲಿಷರೇ ತಮ್ಮ ಸರಕಾರದ ವಿರುದ್ಧವಾಗಿ ಲೇಖನಿ ಹಿಡಿದರು. ಲಂಡನ್ನಿನಲ್ಲಿ ಚರ್ಚೆ ಎದ್ದಿತು. ಕಡೆಗೆ ೧೮೬೭ರ ಏಪ್ರಿಲಿನಲ್ಲಿ ಸ್ಟೇಟ್ ಸೆಕ್ರೆಟರಿ ನಾರ್ತ್‌ಕೋಟರು ದತ್ತಪುತ್ರರ ಹಕ್ಕನ್ನು ಅಂಗೀಕರಿಸಿದರು. ಬಾಲಕರು ವಯಸ್ಸಿಗೆ ಬಂದು ತಕ್ಕವರೆಂದು ಕಂಡುಬಂದರೆ ರಾಜ್ಯವನ್ನು ಒಪ್ಪಿಸಲಾಗುವುದೆಂದು ತೀರ್ಮಾನವಾಯಿತು. ಮರುವರ್ಷ, ೧೮೬೮ರ ಮಾರ್ಚ್ ೨೭ರಂದು, ಮುಮ್ಮಡಿಯವರು ತೀರಿಕೊಂಡರು. ಮೂವತ್ತಾರು ವರ್ಷ ಕಾದಿದ್ದರೂ ತಮಗೆ ಬರಬೇಕಾದದ್ದನ್ನು ಅವರು ಕೈಯಲ್ಲಿ ಕಾಣಲಿಲ್ಲ. ಮಗನಿಗೆ ಬರುತ್ತದೆಂಬ ಮಾತನ್ನು ಮಾತ್ರ ಕಂಡು ಕಣ್ಣು ಮುಚ್ಚಿದರು.

ಇನ್ನು ಮುಂದಿನ ಹದಿಮೂರು ವರ್ಷ ನಿಜವಾದ ಪಾಲಕತನ. ಇದರಲ್ಲಿ ಪಾಲಕರು ಚೆನ್ನಾಗಿ ನಡೆದುಕೊಂಡ ಭಾಗವನ್ನು ನಾವು ಮೊದಲು ಹೇಳಬೇಕು. ಐದು ವರ್ಷದ ಚಾಮರಾಜೇಂದ್ರರಿಗೆ ೧೮೬೮ರ ಸೆಪ್ಟೆಂಬರಿನಲ್ಲಿ ಪಟ್ಟವಾಯಿತು. ಕರ್ನಲ್ ಮ್ಯಾಲಿಸನ್ನರೇ ಮೊದಲಾದ ಅಧಿಕಾರಿಗಳು ಅವರ ವಿದ್ಯಾಭ್ಯಾಸಕ್ಕೆ ಪಾಲಕರಾಗಿ ನೇಮಕಗೊಂಡರು; ಅರಮನೆಯಲ್ಲಿ ಪಾಠಶಾಲೆ ನಡೆಯಿತು. ಅರಮನೆಯ ಹಣಕಾಸನ್ನು ಕ್ರಮಪಡಿಸುವ ಕೆಲಸದಲ್ಲಿ ರಂಗಾಚಾರ್ಲು ಅವರು ಕೈಹಾಕಿದರು. ಪೂರ್ಣಯ್ಯನವರ ಕಾಲದಲ್ಲಿ ತಪ್ಪಿಹೋಗಿದ್ದ ಕೆಲಸ, ಎಂದರೆ ವಾರಸುದಾರನನ್ನೇ ತಯಾರುಮಾಡುವ ಕೆಲಸ, ಈ ಸಲ ನಡೆಯಿತು. ರಾಜ್ಯದಲ್ಲಿಯೂ ಭೂಮಾಪನ, ರಸ್ತೆ, ಶಾಲೆ, ನ್ಯಾಯಾಲಯಗಳ ವ್ಯವಸ್ಥೆ ಬೆಳೆಯಿತು. ಆದರೆ ಈ ವ್ಯವಸ್ಥೆಯ ವೆಚ್ಚ ಬಾಲಕರ ಬೊಕ್ಕಸದ್ದು. ದೊಡ್ಡ ಸಂಬಳದ ಯೂರೋಪಿಯನ್ ಅಧಿಕಾರಿಗಳ ಸಂಖ್ಯೆ ಮಿತಿಮೀರಿದೆಯೆಂದು ರಂಗಾಚಾರ್ಲು ಅವರೇ ೧೮೭೪ರಲ್ಲಿ ಹೆಸರು ಹಾಕದೆ ಒಂದು ಪುಸ್ತಿಕೆಯನ್ನು ಲಂಡನ್ನಿನಲ್ಲಿ ಅಚ್ಚುಮಾಡಿಸಿದರು. ಪಾಲಕನಿಗೆ ಕೂಲಿಯುಂಟು, ಆದರೆ ಕೂಲಿಯನ್ನು ತಾನೇ ಗೊತ್ತುಮಾಡಿಕೊಳ್ಳಬಾರದೆಂಬುದು ಆ ಪುಸ್ತಿಕೆಯ ಒಳದನಿಯೆಂದು ನಾವು ತಿಳಿಯುತ್ತೇವೆ.

ಅಷ್ಟರಲ್ಲಿ ಮಹಾಕ್ಷಾಮ ಬಂದಿತು. ೧೮೭೬ರಿಂದ ೧೮೭೮ರವರೆಗಿನ ಆ ಕ್ಷಾಮದ ಹೆಸರು ಹೇಳಿದರೆ ನಮ್ಮ ಅಜ್ಜಿಯರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮೇಲಿದ್ದ ಮೈಸೂರಿನ ಜನಸಂಖ್ಯೆ ೧೮೮೧ರಲ್ಲಿ ನಲವತ್ತೆರಡು ಲಕ್ಷಕ್ಕೂ ಕೆಳಗಿಳಿದಿತ್ತು. ಕೂಡಿಟ್ಟಿದ್ದ ಅರವತ್ತಮೂರು ಲಕ್ಷ ರೂಪಾಯಿ ಮುಗಿಯಿತು. ಅದರ ಮೇಲೆ ಎಂಬತ್ತು ಲಕ್ಷ ಸಾಲ ಬೆಳೆಯಿತು. ಬಾಲಕನ ಪ್ರಾಣವನ್ನು ಉಳಿಸುವುದಕ್ಕೆ ಮಾಡಿದ ವೆಚ್ಚವನ್ನು ಪಾಲಕನು ಆಸ್ತಿಯಿಂದ ತೆಗೆದುಕೊಳ್ಳಬಹುದೆಂಬುದು ನ್ಯಾಯವೇ. ಹಸಿದವರಿಗೆ ಕೊಟ್ಟ ಗಂಜಿಯನ್ನು ನಾವು ಆಕ್ಷೇಪಿಸುವುದಿಲ್ಲ.

೧೮೮೧ರ ಮಾರ್ಚ್ ೨೫ರಂದು ಒಪ್ಪಿಸಿಕೊಡುವ ದಿನ ಬಂದಿತು. ಚಾಮರಾಜೇಂದ್ರ ಒಡೆಯರಿಗೆ ಹಿಂದಿನ ತಿಂಗಳಷ್ಟೇ ಹದಿನೆಂಟು ತುಂಬಿತ್ತು. ಮದರಾಸಿನ ಗವರ್ನರ್ ಆಡಮ್ಮರು ಮೈಸೂರಿಗೆ ಬಂದು ಅಧಿಕಾರವನ್ನು ವಹಿಸಿಕೊಟ್ಟರು. ರಂಗಾಚಾರ್ಲು ಅವರು ದಿವಾನರಾದರು. ಐವತ್ತು ವರ್ಷಗಳ ಬಳಿಕ ರಾಜ್ಯವು ಮನೆಗೆ ಬಂದಿತೆಂದು ಮೈಸೂರಿನ ಜನ ಹಬ್ಬ ಮಾಡಿದರು. ಆ ಸಂತೋಷವು ಸಹಜವಾದದ್ದು. ಹಿಡಿದುಕೊಂಡ ರಾಜ್ಯವನ್ನು ಬಿಟ್ಟುಕೊಡುವುದು ಸಾಮ್ರಾಜ್ಯಗಳ ಚರಿತ್ರೆಯಲ್ಲಿ ಅಪರೂಪವಷ್ಟೆ.

ಆದರೆ ಸಂತೋಷದ ಜೊತೆಗೆ ಒಂದು ಕಾಗದವೂ ಬಂದಿತು. ಅದನ್ನು ಹಸ್ತಾಂತರ ಪತ್ರವೆಂದು ಕರೆಯೋಣ. ಅದನ್ನು ಪಾಲಕನ ಲೆಕ್ಕಪುಸ್ತಕವನ್ನು ಓದುವಂತೆ ಓದಿದರೆ ಹಲವು ಸಂಗತಿಗಳು ಕಾಣುತ್ತವೆ. ಇಪ್ಪತ್ತನಾಲ್ಕೂವರೆ ಲಕ್ಷವಿದ್ದ ಪೊಗದಿ ಮೂವತ್ತೈದು ಲಕ್ಷಕ್ಕೆ ಏರಿತು. ಕ್ಷಾಮದ ಸಾಲದ ನಿಮಿತ್ತ ಈ ಏರಿಕೆಯನ್ನು ಮೊದಲು ಐದು ವರ್ಷ, ಆಮೇಲೆ ೧೮೯೬ರವರೆಗೆ ಮುಂದೂಡಿದರೂ, ಏರಿಕೆ ಏರಿಕೆಯೇ. ಬೆಂಗಳೂರಿನ ದಂಡಿನ ಪ್ರದೇಶವನ್ನು ಪಾಲಕರು ತಮ್ಮ ಆಡಳಿತದಲ್ಲಿಯೇ ಉಳಿಸಿಕೊಂಡರು; ಅದಕ್ಕೆ ಪ್ರತಿಯಾಗಿ ಶ್ರೀರಂಗಪಟ್ಟಣದ ದ್ವೀಪವು ಮೈಸೂರಿಗೆ ಬಂದಿತೆಂಬುದನ್ನೂ ಜಮೆಯ ಕಡೆ ಬರೆಯಬೇಕು. ಜಾರಿಯಲ್ಲಿದ್ದ ಕಾಯಿದೆಗಳನ್ನು ಇಂಡಿಯಾ ಸರಕಾರದ ಒಪ್ಪಿಗೆಯಿಲ್ಲದೆ ಬದಲಾಯಿಸಕೂಡದು. ಷರತ್ತುಗಳನ್ನು ಮೀರಿದರೆ ರಾಜ್ಯವನ್ನು ಮತ್ತೆ ತೆಗೆದುಕೊಳ್ಳುವ ಹಕ್ಕೂ ಪಾಲಕರದೇ. ಖಾಸಗಿ ಪಾಲಕನೊಬ್ಬನು ಹುಡುಗನಿಗೆ ಹದಿನೆಂಟು ತುಂಬಿದ ಮರುತಿಂಗಳು ಮನೆಯ ಒಂದು ಅಂಕಣವನ್ನು ತಾನೇ ಇಟ್ಟುಕೊಂಡು, ವರ್ಷಾಶನವನ್ನು ಹೆಚ್ಚಿಸಿಕೊಂಡು, ‘ಸರಿಯಾಗಿ ನಡೆದುಕೊಳ್ಳದಿದ್ದರೆ ಮತ್ತೆ ಬರುತ್ತೇನೆ’ ಎಂದು ಬರೆಯಿಸಿಕೊಂಡಿದ್ದರೆ, ನ್ಯಾಯಾಧೀಶನು ಆ ಪತ್ರವನ್ನು ಹೇಗೆ ನೋಡುತ್ತಿದ್ದನೆಂಬುದನ್ನು ನಮ್ಮ ವಕೀಲ ಮಿತ್ರರು ಬಲ್ಲರು. ಇಲ್ಲಿ ನೋಡುವ ನ್ಯಾಯಾಧೀಶನಿರಲಿಲ್ಲ. ಪಾಲಕನೇ ನ್ಯಾಯಾಧೀಶ.

ಆ ಕಾಗದದ ಗಂಟುಗಳು ಒಂದೊಂದಾಗಿ ಬಿಚ್ಚಿಕೊಳ್ಳುವುದಕ್ಕೆ ಇನ್ನೂ ಅರವತ್ತಾರು ವರ್ಷ ಹಿಡಿಯಿತು. ೧೯೧೩ರಲ್ಲಿ ಹಸ್ತಾಂತರ ಪತ್ರದ ಸ್ಥಾನದಲ್ಲಿ ಒಪ್ಪಂದವೊಂದು ಬಂದಿತು. ೧೯೨೮ರಲ್ಲಿ ಹೆಚ್ಚಿಸಿದ್ದ ಹತ್ತೂವರೆ ಲಕ್ಷದ ಪೊಗದಿ ಇಳಿಯಿತು. ಬೆಂಗಳೂರಿನ ದಂಡಿನ ಪ್ರದೇಶವು ೧೯೪೭ರ ಜುಲೈಯಲ್ಲಿ, ಇಂಗ್ಲಿಷರು ದೇಶವನ್ನೇ ಬಿಟ್ಟುಹೋಗುವುದಕ್ಕೆ ಕೆಲವು ದಿನ ಮುಂಚೆ, ಮೈಸೂರಿಗೆ ಸೇರಿತು. ೧೮೮೧ರ ಒಪ್ಪಿಸುವಿಕೆಯು ಪೂರ್ತಿಯಾದದ್ದು ಆ ದಿನವೇ ಎಂದರೆ ತಪ್ಪಲ್ಲ.

ಇಷ್ಟಾದರೂ ೧೮೮೧ರಲ್ಲಿ ಇನ್ನೊಂದು ಘಟನೆ ನಡೆಯಿತು. ಪಾಲಕಧರ್ಮದ ದೃಷ್ಟಿಯಿಂದ ಅದು ಆ ವರ್ಷದ ಅತ್ಯಂತ ಮುಖ್ಯ ಘಟನೆಯೆಂದು ನಮ್ಮ ಭಾವನೆ. ಅಕ್ಟೋಬರ್ ೭ರಂದು, ದಸರೆಯ ಕಾಲದಲ್ಲಿ, ರಂಗಾಚಾರ್ಲು ಅವರು ನಾಡಿನ ಮೂಲೆಮೂಲೆಗಳಿಂದ ೧೪೪ ಮಂದಿ ಜಮೀನ್ದಾರರನ್ನೂ ವರ್ತಕರನ್ನೂ ಮೈಸೂರಿಗೆ ಕರೆಸಿ ಪ್ರಜಾಪ್ರತಿನಿಧಿ ಸಭೆಯನ್ನು ನಡೆಸಿದರು. ರಾಜ್ಯದ ಆದಾಯ, ವೆಚ್ಚ, ಸಾಲಗಳ ಸ್ಥಿತಿಯನ್ನು ಅವರ ಮುಂದಿಟ್ಟರು. ಆ ಸಭೆಗೆ ಮತ ಹಾಕುವ ಅಧಿಕಾರವಿರಲಿಲ್ಲ. ಕೇಳುವುದು, ಅರಿಕೆ ಮಾಡಿಕೊಳ್ಳುವುದು, ಇಷ್ಟೇ. ಆದರೂ ಐವತ್ತು ವರ್ಷ ಪಾಲಕರಿಂದ ಲೆಕ್ಕ ಕೇಳಲಾರದೆ ಇದ್ದ ನಾಡಿನಲ್ಲಿ ಹೊಸ ಸರಕಾರವು ಏಳು ತಿಂಗಳೊಳಗೆ ತಾನಾಗಿಯೇ ಲೆಕ್ಕ ಹೇಳಲು ನಿಂತಿತು. ಲೆಕ್ಕವು ಕೊನೆಗೆ ಸಲ್ಲತಕ್ಕದ್ದು ಅರಸರಿಗೂ ಅಲ್ಲ, ಪ್ರಜೆಗಳಿಗೆ ಎಂಬ ತತ್ತ್ವವು ಅಂದು ಮೊದಲ ಸಲ ಸಭೆಯಲ್ಲಿ ತಲೆಯೆತ್ತಿತು.

ಮೂರನೆಯ ನಿದರ್ಶನವನ್ನು ಹೇಳುವುದಕ್ಕೆ ಹೆಚ್ಚು ಮಾತು ಬೇಡ. ಒಳ್ಳೆಯ ಪಾಲಕರ ಚರಿತ್ರೆಯಲ್ಲಿ ಜಗಳಗಳಿರುವುದಿಲ್ಲವಾದ್ದರಿಂದ ಬರೆಯುವವರಿಗೆ ಸಾಮಗ್ರಿ ಕಡಮೆ. ಚಾಮರಾಜೇಂದ್ರ ಒಡೆಯರು ೧೮೯೪ರ ಡಿಸೆಂಬರ್ ೨೮ರಂದು ಕಲ್ಕತ್ತೆಯಲ್ಲಿ ಅಕಾಲಮರಣಕ್ಕೆ ಈಡಾದರು. ಅವರಿಗೆ ಮೂವತ್ತೊಂದು ವರ್ಷ. ಹಿರಿಯ ಮಗ ಕೃಷ್ಣರಾಜರಿಗೆ ಹತ್ತು. ಮೂವತ್ತು ತುಂಬದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ವಾಣೀವಿಲಾಸ ಸನ್ನಿಧಾನದವರೆಂದು ನಾಡು ಕರೆದ ತಾಯಿ, ವೈಧವ್ಯದ ದುಃಖದಲ್ಲಿಯೇ ರಾಜಪ್ರತಿನಿಧಿಯಾಗಿ ನಿಂತರು. ದಿವಾನ್ ಶೇಷಾದ್ರಿ ಅಯ್ಯರವರ ನೇತೃತ್ವದ ಸಲಹಾಮಂಡಲಿ ಅವರಿಗೆ ನೆರವಾಯಿತು. ಆ ಏಳೂವರೆ ವರ್ಷಗಳು ಸುಲಭವಾದವುಗಳಲ್ಲ. ೧೮೯೭ರಲ್ಲಿ ಹಳೆಯ ಅರಮನೆಯ ಬಹುಭಾಗ ಬೆಂಕಿಗೆ ಆಹುತಿಯಾಯಿತು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಆದರೂ ಅದೇ ಅವಧಿಯಲ್ಲಿ ಮಾರಿಕಣಿವೆಯ ಕಟ್ಟೆಯ ಕೆಲಸ ಮೊದಲಾಯಿತು. ಹೊಸ ಅರಮನೆಗೆ ಅಸ್ತಿಭಾರ ಬಿದ್ದಿತು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ ಹರಿಯಿತು. ಕಾಯುವುದಷ್ಟೇ ಅಲ್ಲ, ಬೆಳೆಸಬೇಕೆಂಬ ಕೌಟಿಲ್ಯನ ಮಾತು ಇಲ್ಲಿ ನಿಜವಾಯಿತು. ಇತ್ತ ಬಾಲಮಹಾರಾಜರ ಶಿಕ್ಷಣವೂ ಎಡೆಬಿಡದೆ ನಡೆಯಿತು; ಐ. ಸಿ. ಎಸ್. ಅಧಿಕಾರಿ ಫ್ರೇಸರರು ಅವರಿಗೆ ಶಿಕ್ಷಕರಾಗಿದ್ದರು.

ಕೃಷ್ಣರಾಜರಿಗೆ ೧೯೦೨ರ ಜೂನ್ ತಿಂಗಳಲ್ಲಿ ಹದಿನೆಂಟು ತುಂಬಿತು. ಆಗಸ್ಟ್ ೮ರಂದು ಕರ್ಜನ್ ಪ್ರಭುಗಳು ಮೈಸೂರಿನಲ್ಲಿ ಅವರಿಗೆ ಅಧಿಕಾರವನ್ನು ವಹಿಸಿಕೊಟ್ಟರು. ಹುಡುಗ ಇನ್ನೂ ಎಳೆಯನು, ಇನ್ನೆರಡು ವರ್ಷ ನಾನೇ ನೋಡಿಕೊಳ್ಳುತ್ತೇನೆ ಎನ್ನುವುದು ಯಾವ ತಾಯಿಗಾದರೂ ಸಹಜವಾದ ಮಾತು. ಆ ಮಾತು ಇಲ್ಲಿ ಕೇಳಿಬರಲಿಲ್ಲ. ಅಂದಿನವರೆಗೆ ರಾಜ್ಯವನ್ನಾಳಿದ ಮಹಾರಾಣಿಯವರು ಅಂದಿನಿಂದ ಅರಸರ ತಾಯಿಯಾಗಿ ಮಾತ್ರ ಉಳಿದರು. ೧೯೩೪ರಲ್ಲಿ ಅವರು ಕಾಲವಾಗುವವರೆಗೂ ಹಾಗೆಯೇ ಇದ್ದರು. ಅಧಿಕಾರದಿಂದ ಇಳಿಯುವುದು ಒಂದು ಕೆಲಸ; ಇಳಿದ ಮೇಲೆ ಹಿಂದಿರುಗಿ ನೋಡದಿರುವುದು ಇನ್ನೊಂದು ಕೆಲಸ. ಎರಡನೆಯದು ಕಷ್ಟತರವೆಂದು ಬಲ್ಲವರು ಬಲ್ಲರು.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡೋಣ. ಪೂರ್ಣಯ್ಯನವರು ಹಣವನ್ನು ಒಪ್ಪಿಸಿದರು, ತಿಳಿವಳಿಕೆಯನ್ನು ಒಪ್ಪಿಸಲಿಲ್ಲ. ಇಂಗ್ಲಿಷರು ತಿಳಿವಳಿಕೆಯನ್ನು ಕೊಟ್ಟರು, ಆಸ್ತಿಯನ್ನು ಹೊರೆ ಮತ್ತು ಷರತ್ತುಗಳೊಡನೆ ಒಪ್ಪಿಸಿದರು. ಮಹಾರಾಣಿಯವರು ಎರಡನ್ನೂ ಒಪ್ಪಿಸಿ, ತಮ್ಮನ್ನೇ ಹಿಂದಕ್ಕೆ ಎಳೆದುಕೊಂಡರು. ಕಾನೂನು ಬಲವಂತಮಾಡಬಲ್ಲದ್ದು ಆಸ್ತಿ ಮತ್ತು ಲೆಕ್ಕಗಳನ್ನು ಮಾತ್ರ. ಉಳಿದುದನ್ನು ಪಾಲಕನ ಮನಸ್ಸೇ ಮಾಡಬೇಕು. ಆದರೆ ಕಾನೂನಿನ ಆ ಎರಡು ಮಾತುಗಳೂ ಅಲ್ಪವಲ್ಲ. ಲೆಕ್ಕವನ್ನು ಕೊಡಬೇಕೆಂಬ ಭಯವಿಲ್ಲದ ಕಡೆ ಒಳ್ಳೆಯವರೂ ನಿಧಾನವಾಗಿ ಪರರ ಸೊತ್ತನ್ನು ತಮ್ಮದೆಂದು ಎಣಿಸತೊಡಗುತ್ತಾರೆ. ಇದು ಸಾಮ್ರಾಜ್ಯಕ್ಕೂ ಸರಿ, ಚಿಕ್ಕಪ್ಪನಿಗೂ ಸರಿ.

ಅರಸರು ಹಿಂದಕ್ಕೆ ಪಡೆದ ರಾಜ್ಯವು ಕೊನೆಗೆ ಯಾರಿಗೆ ಸಲ್ಲಬೇಕಾಗಿತ್ತೋ ಅವರಿಗೆ ಸಂದಿತೆಂಬುದನ್ನೂ ಹೇಳಿ ಈ ಚರಿತ್ರೆಯನ್ನು ಮುಗಿಸಬೇಕು. ೧೯೪೭ರ ಅಕ್ಟೋಬರಿನಲ್ಲಿ, ಪ್ರಜೆಗಳ ಚಳವಳಿಯ ಬಳಿಕ, ಜಯಚಾಮರಾಜ ಒಡೆಯರ ಆಳ್ವಿಕೆಯಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರಕಾರ ಮೈಸೂರಿನಲ್ಲಿ ಅಧಿಕಾರಕ್ಕೆ ಬಂದಿತು. ರಂಗಾಚಾರ್ಲು ಅವರ ಸಭೆಯಲ್ಲಿ ಕುಳಿತು ಲೆಕ್ಕವನ್ನು ಕೇಳಿಕೊಂಡು ಹೋಗುತ್ತಿದ್ದ ಪ್ರಜೆಯು ಅಂದು ವಯಸ್ಸಿಗೆ ಬಂದನೆನ್ನಬಹುದು.

ಈಗ ಊಟದ ಎಲೆಯ ಮುಂದೆ ಕುಳಿತ ಹುಡುಗನ ಬಳಿಗೆ ಹಿಂದಿರುಗೋಣ. ಅವನು ಕೇಳಿದ್ದು ತಪ್ಪಲ್ಲ. ಆದರೆ ಅವನು ಕೇಳಬೇಕಾಗಿ ಬಂದದ್ದು ದುಃಖದ ಸಂಗತಿ. ಪರರ ಮಗುವಿನ ಆಸ್ತಿಯನ್ನು ವಹಿಸಿಕೊಂಡಿರುವ ಗೃಹಸ್ಥರು ಯಾರಾದರೂ ಈ ಮಾತನ್ನು ಕೇಳುತ್ತಿದ್ದರೆ ಅವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ವಹಿಸಿಕೊಂಡ ದಿನವೇ ಪಟ್ಟಿಯನ್ನು ಬರೆದು ಇಬ್ಬರು ಹಿರಿಯರ ರುಜು ಹಾಕಿಸಿರಿ. ಆ ಹಣವನ್ನು ನಿಮ್ಮ ಹಣದೊಡನೆ ಬೆರೆಸಬೇಡಿರಿ. ವರ್ಷಕ್ಕೊಂದು ಸಲ ಲೆಕ್ಕ ತೆಗೆಯಿರಿ. ಹುಡುಗನೋ ಹುಡುಗಿಯೋ ಹನ್ನೆರಡು ಹದಿಮೂರು ವರ್ಷಕ್ಕೆ ಬಂದಾಗ ಆ ದಿನ ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಿರಿ. ಹದಿನೆಂಟು ತುಂಬಿದ ದಿನ ಪಾಯಸದ ಊಟ ಮುಗಿದ ಮೇಲೆ, ಅವರು ಬಾಯಿ ತೆರೆಯುವುದಕ್ಕೆ ಮುಂಚೆ, ಪತ್ರಗಳ ಕಟ್ಟನ್ನೂ ಲೆಕ್ಕದ ಪುಸ್ತಕವನ್ನೂ ಬೀಗದ ಕೈಯನ್ನೂ ತಂದು ಮುಂದಿಟ್ಟು, “ಇದು ನಿನ್ನದು; ಎಣಿಸಿ ನೋಡಿಕೋ” ಎನ್ನಿರಿ. ಎಣಿಸಿ ನೋಡಲಿ. ಎಣಿಸಿದರೆಂದು ನೊಂದುಕೊಳ್ಳಬೇಡಿರಿ. ಭರತನೂ ಅಣ್ಣನಿಗೆ ಎಣಿಸಿ ನೋಡೆಂದೇ ಹೇಳಿದನು.